ಹನ್ನೆರಡು ಕಿಲೋಜೂಲ್ ಎಲ್ಲಿ ಸೋರಿತು?

ಮೊದಲ ಸಲ ಲೆಕ್ಕ ಹಾಕಿದಾಗ ಬಂದ ಉತ್ತರ 43.5. ಬರಬೇಕಾಗಿದ್ದದ್ದು 55.8ರ ಆಸುಪಾಸು. ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲ ಸೇರಿ ಒಂದು ಮೋಲ್ (ಸುಮಾರು 18 ಗ್ರಾಂ) ನೀರು ಹುಟ್ಟುವಾಗ ಹೊರಬೀಳುವ ಶಾಖ ಅದು, ಕಿಲೋಜೂಲ್‌ಗಳಲ್ಲಿ. ಹನ್ನೆರಡು ಕಿಲೋಜೂಲ್ ಕಡಿಮೆ ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಮಾಯ. "ಪ್ರಯೋಗದಲ್ಲಿ ಸ್ವಲ್ಪ ಶಾಖ ಹೊರಗೆ ಹೋಗುತ್ತದೆ" ಎಂದು ಒಂದು ಸಾಲು ಬರೆದು ಪುಸ್ತಕ ಮುಚ್ಚಬಹುದಿತ್ತು. ವಿದ್ಯಾರ್ಥಿಯಾಗಿದ್ದಾಗ ನಾನು ಮಾಡಿದ್ದೂ ಅದನ್ನೇ. ಈ ಸಲ ಪ್ರತಿ ಜೂಲ್ ಎಲ್ಲಿಗೆ ಹೋಯಿತೆಂದು ಹುಡುಕಲೇಬೇಕು ಅನ್ನಿಸಿತು. ಹುಡುಕಿದ ಕತೆ ಇದು.

ಮೊದಲ ಪ್ರಯೋಗ ತೀರಾ ಸರಳ. ಒಂದು ಥರ್ಮೋಕೋಲ್ ಲೋಟ, ಡಿಗ್ರಿಗೊಂದು ಗೆರೆಯಿರುವ ಗಾಜಿನ ಥರ್ಮಾಮೀಟರ್. 1 ಮೋಲಾರ್ (ಲೀಟರಿಗೆ ಒಂದು ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ., 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ. ಆಮ್ಲದ ಉಷ್ಣತೆ 26.2. ಬೆರೆಸಿ ಥರ್ಮಾಮೀಟರಿನಿಂದಲೇ ಕಲಕಿದೆ (ಬೈಯಬೇಡಿ, ಬಲ್ಬ್ ಒಡೆಯಲಿಲ್ಲ). ಪಾದರಸವಲ್ಲ, ಕೆಂಪು ಆಲ್ಕೋಹಾಲ್. ಅದು ಏರಿ 31.4ರ ಬಳಿ ನಿಂತಿತು. ಏರಿಕೆ 5.2 ಡಿಗ್ರಿ. 100 ಗ್ರಾಂ × 4.184 × 5.2 = 2176 ಜೂಲ್. 4.184 ಎಂದರೆ ನೀರಿನ ವಿಶಿಷ್ಟೋಷ್ಣ: ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಜೂಲ್. ಹುಟ್ಟಿದ ನೀರು 0.05 ಮೋಲ್. ಭಾಗಿಸಿದರೆ 43.5.

ಸೂತ್ರದಲ್ಲಿ ತಪ್ಪಿಲ್ಲ. ಅದಕ್ಕೆ ತುಂಬಿಸಿದ ಪ್ರತಿಯೊಂದು ಅಂಕಿಯೂ ಅನುಮಾನಾಸ್ಪದ.

ಲೋಟದ ರಿಪೇರಿ

ಎಲ್ಲರಂತೆ ನಾನೂ ಮೊದಲು ದೂರಿದ್ದು ಲೋಟವನ್ನೇ. ಒಂದರೊಳಗೊಂದು ಎರಡು ಥರ್ಮೋಕೋಲ್ ಲೋಟ ಇಟ್ಟೆ. ಅವು ಅಲ್ಲಾಡದಂತೆ ಒಂದು ಗಾಜಿನ ಬೀಕರಿನೊಳಗೆ ಕೂರಿಸಿದೆ. ಎರಡು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಲಗೆಯಿಂದ ಮುಚ್ಚಳ ಕತ್ತರಿಸಿ, ಅದರಲ್ಲಿ ಎರಡು ತೂತು ಕೊರೆದೆ: ಒಂದು ಸೆನ್ಸರಿಗೆ, ಇನ್ನೊಂದು ಆಮ್ಲ ಸುರಿಯುವ ಆಲಿಕೆಗೆ. ಕಾಯಿಸಿದ ಮೊಳೆ ಚುಚ್ಚಿದರೆ ತೂತು ಅಚ್ಚುಕಟ್ಟಾಗಿ ಬರುತ್ತದೆ, ಆದರೆ ಹೊಗೆ ಕೆಟ್ಟದ್ದು. ನಾನು ಚೂಪಾದ ಲೋಹದ ಕೊಳವೆ ತಿರುಗಿಸಿ ಕೊರೆದೆ.

ಥರ್ಮಾಮೀಟರ್ ಬದಲಿಗೆ ಡಿಎಸ್18ಬಿ20 ಡಿಜಿಟಲ್ ಸೆನ್ಸರ್, ಸ್ಟೀಲ್ ಕವಚದ್ದು. ಡೇಟಾ ತಂತಿಗೂ ವಿದ್ಯುತ್ ತಂತಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್, ಅಳತೆ ಬರೆದುಕೊಳ್ಳಲು ಒಂದು ಆರ್ಡುಯಿನೋ ಬೋರ್ಡ್ (ಪುಟ್ಟ ನಿಯಂತ್ರಕ), ಸೆಕೆಂಡಿಗೊಂದು ಅಳತೆ. 12 ಬಿಟ್‌ನಲ್ಲಿ ಇದು 0.0625 ಡಿಗ್ರಿಯ ಮೆಟ್ಟಿಲುಗಳಲ್ಲಿ ಓದುತ್ತದೆ. ಒಂದೊಂದು ಅಳತೆಗೂ 750 ಮಿಲಿಸೆಕೆಂಡ್ ಬೇಕು. ಗಮನಿಸಬೇಕಾದ್ದು ಏನೆಂದರೆ, ಮೆಟ್ಟಿಲು ಸಣ್ಣದಾದ ಮಾತ್ರಕ್ಕೆ ನಿಖರತೆ ಹೆಚ್ಚಲ್ಲ. ಇದರ ನಿಖರತೆ ಅರ್ಧ ಡಿಗ್ರಿ ಆಚೀಚೆ. ಒಂದೇ ಸೆನ್ಸರಿನಲ್ಲಿ ಮೊದಲಿನ ಮತ್ತು ಆಮೇಲಿನ ಉಷ್ಣತೆ ಅಳೆದು ಕಳೆದರೆ ಆ ದೋಷ ಬಹುಪಾಲು ವಜಾ ಆಗುತ್ತದೆ. ಆದರೆ ನನ್ನಲ್ಲಿದ್ದದ್ದು ಎರಡು ಸೆನ್ಸರ್: ಒಂದು ಆಮ್ಲಕ್ಕೆ, ಒಂದು ಪ್ರತ್ಯಾಮ್ಲಕ್ಕೆ. ಎರಡನ್ನೂ ರಬ್ಬರ್ ಬ್ಯಾಂಡಿನಲ್ಲಿ ಜೋಡಿಸಿ ಒಂದೇ ನೀರಿಗೆ ಅದ್ದಿದರೆ ಒಂದು 26.00 ಎಂದಿತು, ಇನ್ನೊಂದು 26.19. ಮೂರು ಮೆಟ್ಟಿಲಿನ ಜಗಳ. ಎರಡನೆಯದರಿಂದ 0.19 ಕಳೆಯಬೇಕೆಂದು ಅದರ ತಂತಿಗೇ ಚೀಟಿ ಅಂಟಿಸಿದೆ.

ಕಲಕಲು ಹಳೆಯ ಕಂಪ್ಯೂಟರ್ ಫ್ಯಾನಿನ ರೆಕ್ಕೆ ಕತ್ತರಿಸಿ, ನಡುವಿನ ಗುಬುಟಿಗೆ ಎರಡು ಆಯಸ್ಕಾಂತ ಅಂಟಿಸಿದೆ. ಮೇಲೆ ಲೋಟ, ಒಳಗೆ ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಆಯಸ್ಕಾಂತ ಕಡ್ಡಿ. ಪೂರ್ತಿ 12 ವೋಲ್ಟ್ ಕೊಟ್ಟರೆ ಕಡ್ಡಿ ಹಾರಿ ಸೆನ್ಸರಿಗೆ ಬಡಿಯುತ್ತದೆ. 5 ವೋಲ್ಟ್ ಸಾಕು.

ಇಲ್ಲೇ ಮೊದಲ ಎಡವಟ್ಟು ಸಿಕ್ಕಿದ್ದು. ಲೋಟದಲ್ಲಿ ಬರೀ ನೀರಿಟ್ಟು ಕಲಕುತ್ತಾ ಅರ್ಧ ಗಂಟೆ ಅಳತೆ ಬರೆಸಿಕೊಂಡೆ. ಕೋಣೆಯ ಉಷ್ಣತೆಯಲ್ಲೇ ಇದ್ದ ನೀರು, ಗೆರೆ ಅಡ್ಡಲಾಗಿ ಹೋಗಬೇಕು. ನಾಲ್ಕು ನಿಮಿಷಕ್ಕೊಂದು ಮೆಟ್ಟಿಲಿನಂತೆ ಮೇಲೇರುತ್ತಿತ್ತು! ಕೈಯಿಟ್ಟು ನೋಡಿದರೆ ಫ್ಯಾನಿನ ಮೋಟಾರು ಬೆಚ್ಚಗಿತ್ತು. ರೆಕ್ಕೆ ಕತ್ತರಿಸಿದ ಮೇಲೆ ಅದನ್ನು ತಂಪಾಗಿಡುವ ಗಾಳಿ ಎಲ್ಲಿಂದ ಬರಬೇಕು? ಮೋಟಾರಿನ ಬಿಸಿ ಬೀಕರಿನ ತಳದಿಂದ ಒಳಗೆ ಇಳಿಯುತ್ತಿತ್ತು. ಬೀಕರಿನ ಕೆಳಗೆ ನಾಲ್ಕು ಮೂಲೆಗೆ ಬಿರಡೆಯ ತುಂಡುಗಳನ್ನಿಟ್ಟು ಗಾಳಿಗೆ ಜಾಗ ಬಿಟ್ಟೆ. ಗೆರೆ ನೆಟ್ಟಗಾಯಿತು.

ಎರಡನೆಯ ಎಡವಟ್ಟು ನನ್ನ ಸೋಮಾರಿತನದ್ದು. ಒಂದು ರಾತ್ರಿ ಸೆನ್ಸರನ್ನು ಆಮ್ಲದ ಬೀಕರಿನಲ್ಲೇ ಬಿಟ್ಟು ಎದ್ದು ಹೋದೆ. ಬೆಳಗ್ಗೆ ಸ್ಟೀಲ್ ಕವಚದ ತುದಿಯಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆಗಳು, ದ್ರಾವಣಕ್ಕೆ ತೆಳು ಹಳದಿ ಬಣ್ಣ. ಸ್ಟೇನ್‌ಲೆಸ್ ಎಂಬ ಹೆಸರು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಲೆಕ್ಕಕ್ಕಿಲ್ಲ. ಕ್ಲೋರೈಡ್ ಅದರ ರಕ್ಷಾಪದರವನ್ನು ತೂತು ಕೊರೆಯುತ್ತದೆ. ಅಂದಿನಿಂದ ಕ್ರಮ ಬದಲಾಯಿತು: ಲೋಟದಲ್ಲಿ ಪ್ರತ್ಯಾಮ್ಲ, ಅದರಲ್ಲಿ ಮುಖ್ಯ ಸೆನ್ಸರ್, ಮೇಲಿನಿಂದ ಸುರಿಯುವುದು ಆಮ್ಲ. ಆಮ್ಲದ ಉಷ್ಣತೆ ನೋಡಿದ ಕೂಡಲೇ ಇನ್ನೊಂದು ಸೆನ್ಸರನ್ನು ತೆಗೆದು ತೊಳೆಯುವುದು.

ಬಾಟಲಿಗಳ ಉಷ್ಣತೆಯ ವಿಚಾರವೂ ಆಗಲೇ ಬಯಲಾಯಿತು. ಮೊದಲ ಪ್ರಯೋಗದಲ್ಲಿ ನಾನು ಅಳೆದದ್ದು ಆಮ್ಲವನ್ನು ಮಾತ್ರ. ಪ್ರತ್ಯಾಮ್ಲದ ಬಾಟಲಿ ನೆಲದ ಮೇಲಿತ್ತು. ಅದೇ ಜಾಗದಲ್ಲಿ ರಾತ್ರಿಯಿಡೀ ಇಟ್ಟು ಅಳೆದರೆ ಮೇಜಿನ ಮೇಲಿನ ಬಾಟಲಿಗಿಂತ 0.6 ಡಿಗ್ರಿ ತಣ್ಣಗೆ. ಸಮ ಪ್ರಮಾಣ ಬೆರೆಸುವಾಗ ಆರಂಭದ ಉಷ್ಣತೆ ಎಂದರೆ ಎರಡರ ಸರಾಸರಿ. ಅಂದರೆ ನನ್ನ 26.2 ನಿಜಕ್ಕೂ 25.9 ಇದ್ದಿರಬೇಕು, 5.2 ಎಂದುಕೊಂಡ ಏರಿಕೆ 5.5. ಮೂರು ಹತ್ತಾಂಶ ಎಂದರೆ ಯಃಕಶ್ಚಿತ್ ಅನ್ನಿಸುತ್ತದೆ. ಒಟ್ಟು ಏರಿಕೆಯೇ ಐದಾರು ಡಿಗ್ರಿ ಇರುವಾಗ ಅದು ನೂರಕ್ಕೆ ಐದಕ್ಕಿಂತ ಹೆಚ್ಚು. ಈಗ ಎರಡೂ ಬಾಟಲಿ ಒಂದೇ ನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಕೂರುತ್ತವೆ.

ಲೋಟ ಕುಡಿದ ಶಾಖ

ಹುಟ್ಟಿದ ಶಾಖವೆಲ್ಲ ದ್ರಾವಣಕ್ಕೇ ಸೇರುವುದಿಲ್ಲ. ಲೋಟದ ಒಳಗೋಡೆ, ಸೆನ್ಸರಿನ ಸ್ಟೀಲು, ಕಲಕುವ ಕಡ್ಡಿ ತಂತಮ್ಮ ಪಾಲು ತೆಗೆದುಕೊಳ್ಳುತ್ತವೆ. ಅದು ಎಷ್ಟೆಂದು ತಿಳಿಯಲು ತಣ್ಣೀರಿಗೆ ಬಿಸಿನೀರು ಬೆರೆಸುವ ಹಳೆಯ ಉಪಾಯ. ಲೋಟದಲ್ಲಿ 26.0 ಡಿಗ್ರಿಯ ನೀರು 50 ಗ್ರಾಂ; ಅದಕ್ಕೆ 45.0 ಡಿಗ್ರಿಯ ನೀರು 50 ಗ್ರಾಂ. ಲೋಟ ಏನನ್ನೂ ಕುಡಿಯದಿದ್ದರೆ 35.5ಕ್ಕೆ ನಿಲ್ಲಬೇಕು. ನಿಂತದ್ದು 34.9ಕ್ಕೆ. ಬಿಸಿನೀರು ಕಳೆದುಕೊಂಡದ್ದು 50 × 4.184 × 10.1 = 2113 ಜೂಲ್; ತಣ್ಣೀರು ಪಡೆದದ್ದು 50 × 4.184 × 8.9 = 1862. ವ್ಯತ್ಯಾಸ 251 ಜೂಲನ್ನು 8.9 ಡಿಗ್ರಿಗೆ ಹಂಚಿದರೆ ಲೋಟದ ಪಾಲು ಡಿಗ್ರಿಗೆ 28 ಜೂಲ್. ಇನ್ನೆರಡು ಸಲ ಮಾಡಿದಾಗ 25 ಮತ್ತು 31 ಬಂತು. ಸೆನ್ಸರಿನ ಒಂದೇ ಒಂದು ಮೆಟ್ಟಿಲು ತಪ್ಪಿದರೆ ಈ ಅಂಕಿ ಮೂರು ಜೂಲ್ ಜಿಗಿಯುತ್ತದೆ, ಹಾಗಾಗಿ ಇದಕ್ಕಿಂತ ಒಳ್ಳೆಯದನ್ನು ಈ ವಿಧಾನದಿಂದ ನಿರೀಕ್ಷಿಸುವಂತಿಲ್ಲ. 28 ಎಂದೇ ಇಟ್ಟುಕೊಂಡೆ.

ಗರಿಷ್ಠ ಉಷ್ಣತೆಯನ್ನು ನೇರವಾಗಿ ಓದುವುದೂ ತಪ್ಪು. ಸ್ಟೀಲ್ ಕವಚ ಬಿಸಿಯಾಗಿ ಒಳಗಿನ ಚಿಪ್‌ಗೆ ಸುದ್ದಿ ಮುಟ್ಟುವ ಹೊತ್ತಿಗೆ, ಲೋಟ ಆಗಲೇ ತಣ್ಣಗಾಗಲು ಶುರುವಾಗಿರುತ್ತದೆ. ಹೀಗಾಗಿ ಬೆರೆಸುವ ಮುಂಚೆ ಮೂರು ನಿಮಿಷ, ಬೆರೆಸಿದ ಮೇಲೆ ಹತ್ತು ನಿಮಿಷ ಅಳತೆ ಬರೆಸಿ, ಇಳಿಯುವ ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಎಳೆಯಬೇಕು. ಅಲ್ಲಿ ಮುಟ್ಟುವ ಉಷ್ಣತೆಯನ್ನು ಯಾವ ಸೆನ್ಸರೂ ಕಂಡಿಲ್ಲ, ಆದರೆ ಲೆಕ್ಕಕ್ಕೆ ಬೇಕಾದದ್ದು ಅದೇ.

ಇಷ್ಟೆಲ್ಲ ಸಿದ್ಧವಾದ ಮೇಲೆ, ಎದೆಯುಬ್ಬಿಸಿ, ಅದೇ ಹಳೆಯ ದ್ರಾವಣಗಳನ್ನು ಬೆರೆಸಿದೆ. ಏರಿಕೆ 5.70. ದ್ರಾವಣ, ಲೋಟ ಸೇರಿ ಡಿಗ್ರಿಗೆ 440 ಜೂಲ್. ಒಟ್ಟು 2508 ಜೂಲ್, 0.05 ಮೋಲ್‌ಗೆ. ಉತ್ತರ 50.2.

ಇನ್ನೂ ಐದೂವರೆ ಕಿಲೋಜೂಲ್ ಬಾಕಿ. ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂದು ಎರಡು ದಿನ ಆ ಮೇಜಿನ ಕಡೆಗೇ ಹೋಗಲಿಲ್ಲ.

ಕಳ್ಳ ಬಾಟಲಿಯಲ್ಲಿದ್ದ

ಲೋಟ, ಸೆನ್ಸರು, ಗ್ರಾಫು ಎಲ್ಲವನ್ನೂ ಶಂಕಿಸಿದ್ದೆ. ಶಂಕಿಸದೇ ಉಳಿದಿದ್ದು ಬಾಟಲಿಯ ಮೇಲೆ ನಾನೇ ಬರೆದಿದ್ದ "1 ಮೋಲಾರ್" ಎಂಬ ಅಕ್ಷರ.

ಸೋಡಿಯಂ ಹೈಡ್ರಾಕ್ಸೈಡ್ ಬಿಳಿ ಕಾಳುಗಳನ್ನು ತಕ್ಕಡಿಯ ಮೇಲಿಟ್ಟು ನೋಡುತ್ತಾ ನಿಂತರೆ ಅಂಕಿ ತಾನಾಗಿ ಮೇಲೇರುತ್ತದೆ. ಒಂದೆರಡು ನಿಮಿಷದಲ್ಲಿ ಕಾಳಿನ ಮೈ ಬೆವರಿದಂತೆ ಹೊಳೆಯುತ್ತದೆ. ಗಾಳಿಯ ತೇವವನ್ನು ಅದು ಹೀರುತ್ತಿದೆ. ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಕಾರ್ಬೊನೇಟ್ ಆಗುತ್ತದೆ. 40 ಗ್ರಾಂ ತೂಗಿದೆನೆಂದು ನಾನು ನಂಬಿದ್ದರಲ್ಲಿ ನೀರಿನ ತೂಕವೂ ಸೇರಿತ್ತು. ಹಾಗಾಗಿ ಇದರ ದ್ರಾವಣದ ಬಲವನ್ನು ತೂಕದಿಂದ ನಂಬಬಾರದು, ಟೈಟ್ರೇಷನ್ ಮಾಡಿಯೇ, ಅಂದರೆ ಬಲ ಗೊತ್ತಿರುವ ವಸ್ತುವಿನ ಜೊತೆ ಹನಿಹನಿಯಾಗಿ ಬೆರೆಸಿ ಅಳೆದೇ, ತಿಳಿಯಬೇಕು. ಪಾಠದಲ್ಲಿ ಓದಿದ್ದೆ, ಕೈಗೆ ಇಳಿದಿರಲಿಲ್ಲ.

ಅಳತೆಗೋಲಾಗಿ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ತೆಗೆದುಕೊಂಡೆ. ಒಣಗಿಸಿ ಇಟ್ಟರೆ ತೇವ ಹೀರುವುದಿಲ್ಲ, ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 204.22 ಗ್ರಾಂ. ಅದರ 0.500 ಗ್ರಾಂ ನೀರಿನಲ್ಲಿ ಕರಗಿಸಿ, ಎರಡು ಹನಿ ಫಿನಾಲ್ಫ್‌ಥಲೀನ್ (ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಸೂಚಕ) ಹಾಕಿ, ನನ್ನ ಪ್ರತ್ಯಾಮ್ಲವನ್ನು ಸರಿಯಾಗಿ ಹತ್ತು ಪಟ್ಟು ತೆಳುವಾಗಿಸಿ ಬ್ಯುರೆಟ್ಟಿನಿಂದ ಇಳಿಸಿದೆ. ದ್ರಾವಣ 1 ಮೋಲಾರ್ ಆಗಿದ್ದರೆ ಸುಮಾರು 24.5 ಮಿ.ಲೀ.ಗೆ ಬಣ್ಣ ತಿರುಗಬೇಕು. 24.5 ದಾಟಿತು, ಬಣ್ಣವಿಲ್ಲ. 25.5, ಇಲ್ಲ. 26 ದಾಟಿದ ಮೇಲೆ ಹನಿ ಬಿದ್ದಲ್ಲೆಲ್ಲ ಗುಲಾಬಿ ಎಳೆ ಮೂಡಿ ಮಾಯವಾಗತೊಡಗಿತು. 26.85ರಲ್ಲಿ ಮಾಸಲು ಗುಲಾಬಿ ನಿಂತಿತು, ಅರ್ಧ ನಿಮಿಷವಾದರೂ ಹೋಗಲಿಲ್ಲ. ಲೆಕ್ಕ: ದ್ರಾವಣದ ನಿಜ ಬಲ 0.912 ಮೋಲಾರ್.

ಅಂದರೆ ಲೋಟದಲ್ಲಿ ಹುಟ್ಟಿದ್ದು 0.05 ಮೋಲ್ ನೀರಲ್ಲ, 0.0456 ಮೋಲ್. 2508ನ್ನು ಅದರಿಂದ ಭಾಗಿಸಿದೆ. 55.0.

ನಗು ಬಂತು. ಶಾಖ ಎಲ್ಲಿಗೂ ಸೋರಿರಲಿಲ್ಲ, ಹುಟ್ಟಿಯೇ ಇರಲಿಲ್ಲ. ಮೊದಲ ದಿನದ 43.5ನ್ನೂ ಇದರ ಬೆಳಕಿನಲ್ಲಿ ತೆರೆದು ನೋಡಿದೆ. ಮೋಲ್ ಸರಿಪಡಿಸಿದರೆ 47.7. ತಣ್ಣನೆಯ ಬಾಟಲಿಯ ಮೂರು ಹತ್ತಾಂಶ ಸೇರಿಸಿದರೆ 50.5. ಲೋಟದ ಪಾಲೂ ಸೇರಿದರೆ ಹತ್ತಿರ ಹತ್ತಿರ 54. ಉಳಿದದ್ದು ಮುಚ್ಚಳವಿಲ್ಲದ ಬಾಯಿಂದ ಹೋಗಿರಬೇಕು, ಅಂದು ಗ್ರಾಫ್ ಬರೆಯದ ಕಾರಣ ಅದನ್ನು ವಾಪಸು ತರುವ ದಾರಿಯಿಲ್ಲ.

ಹೊಸ ದ್ರಾವಣ

ಹಳೆಯದನ್ನು ತಟಸ್ಥ ಮಾಡಿ ಚೆಲ್ಲಿ, ಹೊಸದಾಗಿ ಮಾಡಿದೆ. ಕಾಳು ನೀರಿಗೆ ಬಿದ್ದಾಗ ಮೋಲ್‌ಗೆ ಸುಮಾರು 44 ಕಿಲೋಜೂಲ್ ಹೊರಬೀಳುತ್ತದೆ, ಪಾತ್ರೆ ಕೈ ಸುಡುವಷ್ಟು ಕಾಯುತ್ತದೆ. ಆ ಬಿಸಿ ಪೂರ್ತಿ ಆರುವ ಮುನ್ನ ಪ್ರಯೋಗಕ್ಕೆ ಇಳಿದರೆ ಎಲ್ಲ ಲೆಕ್ಕವೂ ಹಾಳು. ಒಂದು ರಾತ್ರಿ ಬಿಟ್ಟೆ, ಪ್ಲಾಸ್ಟಿಕ್ ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಇದನ್ನು ಮುಟ್ಟಬೇಡಿ. ಆಮ್ಲ ಸಿಡಿದರೆ ಕೂಡಲೇ ಉರಿದು ಎಚ್ಚರಿಸುತ್ತದೆ. ಪ್ರತ್ಯಾಮ್ಲ ಚರ್ಮದ ಮೇಲೆ ಸೋಪಿನಂತೆ ಜಾರುತ್ತಾ ಸದ್ದಿಲ್ಲದೆ ತಿನ್ನುತ್ತದೆ, ಕಣ್ಣಿಗಂತೂ ಆಮ್ಲಕ್ಕಿಂತ ಕೆಟ್ಟದ್ದು.

ಟೈಟ್ರೇಷನ್ನಿನಲ್ಲಿ ಹೊಸ ಪ್ರತ್ಯಾಮ್ಲ 0.984 ಮೋಲಾರ್, ಅದರಿಂದ ಅಳೆದ ಆಮ್ಲ 1.01 ಮೋಲಾರ್. ಆಮ್ಲ ಚೂರು ಹೆಚ್ಚಿರುವುದು ಬೇಕೆಂದೇ. ಪಿಪೆಟ್ಟಿನಿಂದ ಅಳೆದ ಪ್ರತ್ಯಾಮ್ಲ ಮೊದಲೇ ಲೋಟದಲ್ಲಿರುತ್ತದೆ. ಸುರಿಯುವಾಗ ಆಲಿಕೆಗೆ ಎರಡು ಹನಿ ಆಮ್ಲ ಅಂಟಿಕೊಂಡರೂ ಮೋಲ್‌ಗಳ ಲೆಕ್ಕ ಅಲುಗುವುದಿಲ್ಲ. ಪ್ರತ್ಯಾಮ್ಲ ಪೂರ್ತಿ ಮುಗಿಯುವುದು ಖಚಿತ: 0.0492 ಮೋಲ್.

ಪ್ರಯೋಗದ ಮೊದಲ ಓಟದ ಅಂಕಿಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದಂತೆಯೇ: ಆಮ್ಲ 25.94, ಪ್ರತ್ಯಾಮ್ಲ 25.81, ಸರಾಸರಿ 25.875. ಸುರಿದ 85 ಸೆಕೆಂಡಿಗೆ ಸೆನ್ಸರ್ ತೋರಿಸಿದ ಗರಿಷ್ಠ 31.88. ಐದನೇ ನಿಮಿಷಕ್ಕೆ 31.56. ಇಳಿಜಾರು ನಿಮಿಷಕ್ಕೆ 0.08 ಡಿಗ್ರಿ. ಗೆರೆಯನ್ನು ಹಿಂದಕ್ಕೆ ಎಳೆದರೆ ಬೆರೆಸಿದ ಕ್ಷಣದಲ್ಲಿ 31.99. ಏರಿಕೆ 6.115. ಬರೀ ಗರಿಷ್ಠವನ್ನೇ ನಂಬಿದ್ದರೆ ಇಲ್ಲೊಂದರಲ್ಲೇ ಸುಮಾರು ಒಂದು ಕಿಲೋಜೂಲ್ ಹೋಗುತ್ತಿತ್ತು.

ಲೋಟವನ್ನು ಮೊದಲೂ ಆಮೇಲೂ ತೂಗಿದ್ದರಿಂದ ದ್ರಾವಣದ ರಾಶಿ ಗೊತ್ತು: 102.4 ಗ್ರಾಂ. ಈಗ ಒಳಗಿರುವುದು ಬರೀ ನೀರಲ್ಲ, ಅರ್ಧ ಮೋಲಾರ್ ಉಪ್ಪುನೀರು. ಅದರ ವಿಶಿಷ್ಟೋಷ್ಣ 4.18 ಅಲ್ಲ, ಸುಮಾರು 4.03. ತಮಾಷೆ ಎಂದರೆ ತೂಕ ಹೆಚ್ಚು, ವಿಶಿಷ್ಟೋಷ್ಣ ಕಡಿಮೆ, ಎರಡೂ ತಪ್ಪು ಒಂದನ್ನೊಂದು ಬಹುಪಾಲು ನುಂಗಿಕೊಳ್ಳುತ್ತವೆ. "100 ಗ್ರಾಂ, 4.184" ಎಂಬ ಶಾಲೆಯ ಲೆಕ್ಕ ಇಷ್ಟು ವರ್ಷ ಬಚಾವಾಗಿರುವುದು ಹೀಗೆ. ಒಟ್ಟು: 102.4 × 4.03 + 28 = ಡಿಗ್ರಿಗೆ 440.7 ಜೂಲ್. 6.115ರಿಂದ ಗುಣಿಸಿದರೆ 2695 ಜೂಲ್. ಮೋಲ್‌ಗೆ 54.8 ಕಿಲೋಜೂಲ್. ಉಳಿದೆರಡು ಓಟ 55.6 ಮತ್ತು 54.3. ಸರಾಸರಿ 54.9.

55.8 ಎನ್ನುವುದು 25 ಡಿಗ್ರಿಯಲ್ಲಿ, ತೀರಾ ತೆಳು ದ್ರಾವಣಕ್ಕೆ. ಹಳೆಯ ಪುಸ್ತಕಗಳಲ್ಲಿ 13.7 ಕಿಲೋಕ್ಯಾಲೊರಿ, ಅಂದರೆ 57.3 ಕಿಲೋಜೂಲ್ ಎಂದಿರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಈ ಶಾಖ ಸುಮಾರು 0.2 ಕಿಲೋಜೂಲ್ ಇಳಿಯುತ್ತದೆ, ದ್ರಾವಣದ ಬಲವೂ ಅದನ್ನು ಅಲುಗಿಸುತ್ತದೆ. ಹಾಗಾಗಿ ಪುಸ್ತಕ ಪುಸ್ತಕಕ್ಕೆ ಅಂಕಿ ಬೇರೆಯಿದ್ದರೆ ಗಾಬರಿಯಾಗಬೇಕಿಲ್ಲ.

ಇನ್ನೆರಡು ಆಟ

ಎರಡೂ ದ್ರಾವಣದ ಪ್ರಮಾಣ ಅರ್ಧಕ್ಕಿಳಿಸಿ, 25 ಮತ್ತು 25 ಮಿ.ಲೀ. ಬೆರೆಸಿದರೆ ಏರಿಕೆಯೂ ಅರ್ಧವೇ? ಅಲ್ಲ. ಹುಟ್ಟುವ ಶಾಖ ಅರ್ಧ, ಅದನ್ನು ಹಂಚಿಕೊಳ್ಳುವ ನೀರೂ ಅರ್ಧ. ಏರಿಕೆ ಬದಲಾಗಬಾರದು. ಬಂದದ್ದು 5.8, ಕಡಿಮೆಯಾದದ್ದಕ್ಕೆ ಕಾರಣ ಲೋಟವೇ. ಅದರ 28 ಜೂಲ್ ದೊಡ್ಡ ಓಟದಲ್ಲಿ ನೂರಕ್ಕೆ ಆರರಷ್ಟಿದ್ದದ್ದು ಇಲ್ಲಿ ಹನ್ನೆರಡಾಗುತ್ತದೆ. ಏರಿಕೆ ಅರ್ಧವಾಗಬೇಕೆಂದರೆ ಪ್ರಮಾಣವನ್ನಲ್ಲ, ಬಲವನ್ನು ಅರ್ಧ ಮಾಡಬೇಕು.

ಆಮ್ಲದ ಜಾಗದಲ್ಲಿ ಅಸಿಟಿಕ್ ಆಮ್ಲ ಹಾಕಿದಾಗ 54.5 ಬಂತು. ದುರ್ಬಲ ಆಮ್ಲಕ್ಕೆ ಶಾಖ ಕಡಿಮೆ ಎಂಬ ಮಾತು ಇದರ ಮಟ್ಟಿಗೆ ನನ್ನ ಲೋಟಕ್ಕೆ ಕಾಣದಷ್ಟು ಸಣ್ಣದು. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೇರೆಯೇ ಕತೆ: 51.3. ಬರಬೇಕಾದದ್ದು ಸುಮಾರು 52.2, ಅಂದರೆ ಪ್ರಬಲ ಜೋಡಿಗಿಂತ ಮೂರೂವರೆ ಕಿಲೋಜೂಲ್ ಕಡಿಮೆ. ನನ್ನಲ್ಲೂ ಅಷ್ಟೇ ವ್ಯತ್ಯಾಸ. ಕಿಟಕಿ ತೆರೆದು ಮಾಡಿದರೂ ಕಣ್ಣಲ್ಲಿ ನೀರು ಬಂತು, ಸಂತೋಷದ್ದೇನಲ್ಲ.

ರೆಸಿಸ್ಟರಿನ ಪ್ರಲೋಭನೆ

ಲೋಟದ 28ನ್ನು ಇನ್ನೊಂದು ದಾರಿಯಿಂದ ಒರೆಗೆ ಹಚ್ಚೋಣವೆಂದು 10 ಓಮಿನ ಪಿಂಗಾಣಿ ರೆಸಿಸ್ಟರ್ ತೆಗೆದುಕೊಂಡು, ಕಾಲುಗಳ ಬೆಸುಗೆಗೆ ಎಪಾಕ್ಸಿ ಬಳಿದು, 100 ಗ್ರಾಂ ನೀರಿನಲ್ಲಿ ಮುಳುಗಿಸಿದೆ. 11.6 ವೋಲ್ಟ್, 180 ಸೆಕೆಂಡ್. ಒಳಗೆ ಹೋದ ಶಕ್ತಿ 2422 ಜೂಲ್, ಇದರಲ್ಲಿ ಊಹೆ ಏನೂ ಇಲ್ಲ. ಏರಿಕೆ 5.36. ಡಿಗ್ರಿಗೆ 451.9 ಜೂಲ್, ನೀರಿನ 418.4 ಕಳೆದರೆ ಲೋಟಕ್ಕೆ 33.5.

33.5 ಹಾಕಿ ಮೂರೂ ಓಟಗಳನ್ನು ಮತ್ತೆ ಲೆಕ್ಕ ಮಾಡಿದೆ. ಸರಾಸರಿ 55.6. ಪುಸ್ತಕದ ಅಂಕಿಗೆ ಎರಡು ಹತ್ತಾಂಶ ದೂರ! ಪೆನ್ನು ಕೈಯಲ್ಲೇ ಇತ್ತು, ಬರೆದೂ ಬಿಡುತ್ತಿದ್ದೆ. ಆಗ ಒದ್ದೆ ರೆಸಿಸ್ಟರ್ ಕಣ್ಣಿಗೆ ಬಿತ್ತು. ಆಮ್ಲ ಬೆರೆಸುವಾಗ ಅದು ಲೋಟದಲ್ಲಿ ಇರಲಿಲ್ಲವಲ್ಲ? ಒರೆಸಿ ತಕ್ಕಡಿಗೆ ಹಾಕಿದೆ: 5.1 ಗ್ರಾಂ. ಪಿಂಗಾಣಿಗೆ ಗ್ರಾಂಗೆ ಸುಮಾರು 0.8 ಜೂಲ್ ಎಂದರೆ ನಾಲ್ಕು ಜೂಲ್ ರೆಸಿಸ್ಟರಿನದೇ. ಲೋಟಕ್ಕೆ ಉಳಿಯುವುದು 29.4.

ಸರಾಸರಿ 55.0 ಎಂದು ಬರೆದು, ಪಕ್ಕದಲ್ಲಿ "ಒಂದೂವರೆ ಆಚೀಚೆ" ಎಂದು ಸೇರಿಸಿದೆ. 55.6ರ ಮೇಲೆ ಅಡ್ಡಗೆರೆ ಎಳೆದಿದ್ದೇನೆ, ಓದಲು ಬರುವಂತೆ.